ನನ್ನ ಚೆಸ್ ಅನುಭವ: ಮೋರಾ ಗ್ಯಾಂಬಿಟ್ ನಂಬಿ ದೊಡ್ಡ ರೇಟಿಂಗ್‌ನವರ ಎದುರು ಕೂತಿದ್ದು

"ಸುಮ್ನೆ ಒಂದು ಪಾನ್ ಕೊಟ್ಟು 2100 ರೇಟಿಂಗ್‌ನವರ ಎದುರು ಕೂರ್ತೀಯಾ? ಎಂಡ್‌ಗೇಮ್‌ನಲ್ಲಿ ಗೊತ್ತಾಗುತ್ತೆ" ಅಂತ ಜೊತೆಯವರೆಲ್ಲ ಹೇಳಿದ್ದರು. ಅವರು ಹೇಳುತ್ತಿದ್ದದ್ದು ಸ್ಮಿತ್-ಮೋರಾ ಗ್ಯಾಂಬಿಟ್ ಬಗ್ಗೆ: ಬಿಳಿ ಕಾಯಿಯವರು ಶುರುವಿನಲ್ಲೇ ಒಂದು ಪಾನ್ (ಕಾಲಾಳು) ಬಿಟ್ಟುಕೊಟ್ಟು, ಉಳಿದ ಕಾಯಿಗಳನ್ನು ಬೇಗ ಹೊರತರುವ ಆಟ. ಆಗ ನನ್ನ ರೇಟಿಂಗ್ 1800ರ ಆಸುಪಾಸು. 300 ಪಾಯಿಂಟ್ ವ್ಯತ್ಯಾಸ ಇದ್ದರೆ ಎಲೋ (ಚೆಸ್ ರೇಟಿಂಗ್ ಪದ್ಧತಿ) ಲೆಕ್ಕದಲ್ಲಿ ನೂರು ಗೇಮ್‌ಗೆ ನನಗೆ ಸಿಗಬೇಕಾದದ್ದು ಸುಮಾರು 15 ಪಾಯಿಂಟ್ (ಗೆಲುವಿಗೆ ಒಂದು, ಡ್ರಾಗೆ ಅರ್ಧ). ಸ್ಮಿತ್-ಮೋರಾದಲ್ಲಿ ನನಗೆ ಬರುತ್ತಿರುವುದು ಹತ್ತಿರ ಹತ್ತಿರ ಅದರ ಎರಡರಷ್ಟು. ಎಂಡ್‌ಗೇಮ್‌ವರೆಗೆ, ಅಂದರೆ ಕಾಯಿಗಳು ಕಡಿಮೆಯಾದ ಕೊನೆಯ ಹಂತದವರೆಗೆ, ಹೋಗುವ ಗೇಮ್‌ಗಳೇ ಕಡಿಮೆ.

ಮೊದಲು ಕಿಂಗ್ಸ್ ಗ್ಯಾಂಬಿಟ್ ಹಿಡಿದಿದ್ದೆ, ಅದೂ ಬಿಳಿಯಲ್ಲಿ ಶುರುವಿನಲ್ಲೇ ಪಾನ್ ಕೊಡುವ ಆಟ. 1960ರಲ್ಲಿ, ಇಬ್ಬರೂ ವಿಶ್ವ ಚಾಂಪಿಯನ್ ಆಗುವ ಮೊದಲು, ಸ್ಪಾಸ್ಕಿ ಫಿಷರ್‌ರನ್ನು ಅದರಲ್ಲೇ ಸೋಲಿಸಿದ್ದರು, ಆ ಗೇಮ್ ಇವತ್ತಿಗೂ ನನಗೆ ಇಷ್ಟ. ಆದರೆ ನನ್ನ ಎದುರಾಳಿಗಳು ತಣ್ಣಗೆ ಪಾನ್ ವಾಪಸ್ ಕೊಟ್ಟು ಕ್ಯಾಸಲ್ ಮಾಡಿ ತಮ್ಮ ರಾಜನನ್ನು ಮೂಲೆಗೆ ಸೇರಿಸಿಬಿಡುತ್ತಿದ್ದರು, ಬಯಲಲ್ಲಿ ಉಳಿಯುತ್ತಿದ್ದದ್ದು ನನ್ನ ರಾಜ. ಕಪ್ಪು ಕಾಯಿ ಬಂದಾಗ ಟ್ರ್ಯಾಕ್ಸ್ಲರ್ ಅನ್ನುವ, ಎಫ್7 ಮನೆಯನ್ನು ಕಾಯದೆ ಎದುರು ದಾಳಿಗೆ ಇಳಿಯುವ ಆಟ ಕೂಡ ಆಡಿ ನೋಡಿದೆ. ಗೊತ್ತಿದ್ದವರು ಎಫ್7ನಲ್ಲಿ ನೈಟ್‌ನಿಂದ ಹೊಡೆಯುವುದಿಲ್ಲ, ಬಿಷಪ್‌ನಿಂದ ಚೆಕ್ ಕೊಡುತ್ತಾರೆ. ಮಜಾ ಅಲ್ಲಿಗೇ ಮುಗಿಯಿತು. ಈ ಎರಡಕ್ಕೂ ಕೊಂಡ ಕೋರ್ಸ್‌ಗಳ ದುಡ್ಡಲ್ಲಿ ಮೂರ್ನಾಲ್ಕು ಟೂರ್ನಿಯ ಎಂಟ್ರಿ ಫೀ ಕಟ್ಟಬಹುದಿತ್ತು. ಮೋರಾಗೆ ಒಂದೇ ಪುಸ್ತಕ ಸಾಕಾಯಿತು. ಉಳಿದದ್ದು ಎಂಜಿನ್ (ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಜೊತೆ ರಾತ್ರಿ ಕೂತು ಮಾಡಿದ ಕೆಲಸ.

ಎಂಜಿನ್ ಹಚ್ಚಿದರೆ ಕಪ್ಪಿಗೆ ಸ್ವಲ್ಪ ಜಾಸ್ತಿ ಅಂತಲೇ ತೋರಿಸುತ್ತದೆ. ಅದರಿಂದ ನನಗೇನೂ ತೊಂದರೆ ಇಲ್ಲ. ನಾನು ನೋಡುವುದು ಗಡಿಯಾರವನ್ನು. 90 ನಿಮಿಷದ ಗೇಮ್‌ನಲ್ಲಿ ನನ್ನ ಮೊದಲ ಹತ್ತು ನಡೆ ಐದಾರು ನಿಮಿಷದಲ್ಲಿ ಮುಗಿಯುತ್ತವೆ. ಅಷ್ಟರಲ್ಲಿ ಎದುರಿನವರ ಅರ್ಧ ಗಂಟೆ ಹೋಗಿರುತ್ತದೆ.

ಒಂದು ಟೂರ್ನಿಯಲ್ಲಿ ಬಿಳಿ ಕಾಯಿಯಲ್ಲಿ ಆಡಿದ ಮೋರಾ ಗೇಮ್ ತೋರಿಸುತ್ತೇನೆ. ಕಪ್ಪು ಇ6, ಕ್ವೀನ್ ಸಿ7, ನೈಟ್ ಎಫ್6 ಆಡಿ ಸೈಬೀರಿಯನ್ ಬಲೆ ಹಾಸಿದರು, ಮೋರಾ ಆಡುವವರನ್ನು ಬೀಳಿಸುವ ಹೆಸರಾಂತ ಬಲೆ ಅದು. ಎಂಟನೇ ನಡೆಗೆ ಕ್ವೀನ್ ಇ2 ಆಡಿದರೆ ನೈಟ್ ಜಿ4ಗೆ ಬರುತ್ತದೆ. ಅದನ್ನು ಓಡಿಸಲು ಎಚ್3 ಒತ್ತಿದರೋ, ಕಪ್ಪಿನ ಇನ್ನೊಂದು ನೈಟ್ ಡಿ4, ಬಿಳಿಯ ಕಥೆ ಮುಗೀತು. ನಾನು ಎಂಟಕ್ಕೆ ನೈಟ್ ಬಿ5 ಆಡಿ ಕ್ವೀನ್ ಮೇಲೇ ಹೋದೆ. ಕ್ವೀನ್ ಬಿ8ಗೆ ಸರಿಯಿತು. ಇ5 ನೂಕಿ ಇನ್ನೊಂದು ಪಾನ್ ಕೊಟ್ಟೆ. ನೈಟ್‌ಗಳು ಬದಲಾದವು, ರೂಕ್ ಇ1, ಕ್ವೀನ್ ಮತ್ತೆ ಬಿ8ಗೆ. ನನ್ನ ಕ್ವೀನ್ ಡಿ4ಗೆ ಬಂತು. ಎರಡು ಪಾನ್ ಹೋಗಿವೆ, ನಿಜ. ಆದರೆ ನನ್ನ ಬಿಷಪ್ ಎಫ್4ಗೆ ಬಂದರೆ ಆ ಕ್ವೀನ್‌ಗೆ ಹೋಗಲು ಮನೆಯೇ ಇಲ್ಲ. ಅವರು ಡಿ6 ಆಡಿದರು. ಬಿಷಪ್ ಎಫ್4, ಇ5, ಬಿಷಪ್‌ನಿಂದ ಹೊಡೆದೆ. ಕ್ವೀನ್‌ಗಳು ಹೋದ ಮೇಲೆ ನೈಟ್ ಸಿ7 ಚೆಕ್, ಎ8ನ ರೂಕ್ ನನ್ನದು. ಆ ಟೂರ್ನಿಯ ರೇಟಿಂಗ್ ವಿಭಾಗದ ಬಹುಮಾನದಲ್ಲಿ ಕೋರ್ಸ್‌ಗಳ ದುಡ್ಡೆಲ್ಲ ವಾಪಸ್ ಬಂತು.

ಈಗ ನನ್ನ ಬಗ್ಗೆ ಗೊತ್ತಿರುವವರು ಪಾನ್ ತಗೊಳ್ಳುವುದೇ ಇಲ್ಲ. ಮೂರನೇ ನಡೆಗೇ ನೈಟ್ ಎಫ್6 ಆಡಿ ಅಲಾಪಿನ್ ಅನ್ನುವ ಬೇರೆ ಓಪನಿಂಗ್‌ಗೆ ಎಳೆಯುತ್ತಾರೆ. ಮೋರಾ ಆಡುವವರು ಜಾಸ್ತಿ ಹೊತ್ತು ಕೂರಬೇಕಾದದ್ದು ಇಲ್ಲೇ. ಇ5, ನೈಟ್ ಡಿ5, ನೈಟ್ ಎಫ್3, ಬಿಷಪ್ ಸಿ4, ಆಮೇಲೆ ಬಿ3ಗೆ ಹಿಂದೆ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಅದರ ಮುಂದೆ ನಾನು ಏನು ಆಡುತ್ತೇನೆ ಅನ್ನುವುದನ್ನು ಸದ್ಯಕ್ಕೆ ಬರೆಯುವುದಿಲ್ಲ. ಮುಂದಿನ ಟೂರ್ನಿಗೆ ಬೇಕು.