ದರಕು ಗುಡಿಸಿ ಮಾಡಿದ ಗೊಬ್ಬರ

ಶಿರಸಿ ಕಡೆಯ ನಮ್ಮೂರಲ್ಲಿ ಒಣಗಿ ಬಿದ್ದ ಎಲೆಗೆ ದರಕು ಅಂತಾರೆ. ಚಳಿ ಮುಗಿಯುತ್ತಿದ್ದ ಹಾಗೆ ಅಮ್ಮ ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸಿ ದೊಡ್ಡ ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದಳು. ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಿದ್ದು ಸಗಣಿ, ಗಂಜಲ ಹೀರಿಕೊಂಡು ಗೊಬ್ಬರಗುಂಡಿ ಸೇರುತ್ತಿತ್ತು. ಅಲ್ಲಿಂದ ಅಡಿಕೆ ತೋಟಕ್ಕೆ. ಮೈಸೂರಿಗೆ ಬಂದು ನೋಡಿದರೆ, ಅದೇ ದರಕನ್ನು ರಸ್ತೆ ಮೂಲೆಗೆ ಗುಡಿಸಿ ಬೆಂಕಿ ಹಚ್ಚುತ್ತಾರೆ. ಆ ಹೊಗೆ ಕಂಡರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ನಮ್ಮ ಹಿತ್ತಲಲ್ಲಿ ಒಂದು ಮಾವಿನ ಮರ ಇದೆ. ಪಕ್ಕದ ಮನೆಯ ಹೊಂಗೆ ಅರ್ಧ ನಮ್ಮ ಕಡೆಗೇ ಬಾಗಿದೆ. ಮೊದಲ ವರ್ಷ ಬಿದ್ದ ಎಲೆಯನ್ನೆಲ್ಲ ಒಂದು ಹಳೇ ಡ್ರಮ್ಮಿಗೆ ತುಂಬಿ ಮುಚ್ಚಿಟ್ಟೆ. ನಾಲ್ಕು ತಿಂಗಳಾದ ಮೇಲೆ ತೆಗೆದರೆ ಮಾವಿನೆಲೆ ಹಾಕಿದ ಹಾಗೇ ಇತ್ತು, ಗರಿಗರಿಯಾಗಿ! ತುಂಬಾ ಬೇಜಾರಾಯಿತು. ಆಮೇಲೆ ಹೊಳೆಯಿತು: ಊರಲ್ಲಿ ಕೊಟ್ಟಿಗೆ ಕೊಡುತ್ತಿದ್ದದ್ದು ಯಾವುದನ್ನೂ ನಾನು ಕೊಟ್ಟೇ ಇಲ್ಲ. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಮ್ಮಿ. ಅದನ್ನು ಕೊಳೆಸುವ ಜೀವಿಗಳಿಗೆ ನೀರು, ಗಾಳಿ, ಸಾರಜನಕ ಮೂರೂ ಬೇಕು.

ಮುಂದಿನ ವರ್ಷ ಡ್ರಮ್ಮಿನ ಸುತ್ತ, ತಳಕ್ಕೆ ತೂತು ಹೊಡೆಸಿದೆ. ಎಲೆಯನ್ನು ಬಿಸಿಲಿಗೆ ಹರಡಿ, ಗೋಣಿಚೀಲಕ್ಕೆ ತುಂಬಿ ಚೆನ್ನಾಗಿ ತುಳಿದು ಪುಡಿ ಮಾಡಿದೆ. ಮೂರು ಬುಟ್ಟಿ ಎಲೆಗೆ ಒಂದು ಬುಟ್ಟಿ ಹಸಿ ಸೊಪ್ಪು, ತರಕಾರಿ ಸಿಪ್ಪೆ. ಪದರ ಪದರಕ್ಕೂ ಸಗಣಿ ಕದಡಿದ ನೀರು, ಒಂದು ಹಿಡಿ ಮಣ್ಣು. ಹದ ನೋಡುವುದು ಕೈಯಲ್ಲೇ. ಒಂದು ಮುಷ್ಟಿ ತೆಗೆದು ಹಿಂಡಿದರೆ ಒಂದೆರಡು ಹನಿ ಬಂದರೆ ಸರಿ. ಧಾರೆಯಾಗಿ ಇಳಿದರೆ ನೀರು ಜಾಸ್ತಿ ಆಗಿದೆ ಅಂತ, ಗಬ್ಬು ವಾಸನೆ ಶುರುವಾಗುತ್ತದೆ. ಆಗ ಇನ್ನಷ್ಟು ಒಣ ಎಲೆ ಸೇರಿಸಿ ತಿರುವಿ ಹಾಕಬೇಕು.

ನಾಲ್ಕನೇ ದಿನ ರಾಶಿಯೊಳಗೆ ಕೈ ತೂರಿಸಿದೆ. ಬಿಸಿ! ಆಗತಾನೇ ಬಗ್ಗಿಸಿದ ಅನ್ನದ ಹಬೆ ತಾಗಿದ ಹಾಗೆ. ಎಲೆಗಳ ಮೇಲೆ ಬೂದಿ ಉದುರಿಸಿದಂತೆ ಬಿಳಿ ಬೂಸ್ಟು. ಅದಕ್ಕೆ ಹೆದರಬೇಕಿಲ್ಲ, ಗಟ್ಟಿ ಎಲೆಯನ್ನು ಕರಗಿಸುವುದು ಅದೇ ಅಲ್ವಾ. ಹದಿನೈದು ದಿನಕ್ಕೊಮ್ಮೆ ತಿರುವುತ್ತಾ ಹೋದೆ. ಹೊಂಗೆ ಎಲೆ ಬೇಗ ಕರಗಿತು. ಮಾವಿನದು ಐದು ತಿಂಗಳು ತೆಗೆದುಕೊಂಡಿತು. ಡ್ರಮ್ ತುಂಬ ಇದ್ದದ್ದು ಕಾಲು ಭಾಗಕ್ಕೆ ಇಳಿಯಿತು, ಕಪ್ಪಗೆ, ಉದುರು ಉದುರಾಗಿ. ಜರಡಿ ಹಿಡಿದು ಉಳಿದ ನಾರು, ಕಡ್ಡಿಯನ್ನು ಹೊಸ ರಾಶಿಗೇ ಹಾಕಿದೆ.

ಎಲ್ಲವನ್ನೂ ಗೊಬ್ಬರ ಮಾಡಬೇಕು ಅಂತಿಲ್ಲ. ಬೇಸಿಗೆಯಲ್ಲಿ ಬದನೆ, ಮೆಣಸಿನ ಬುಡಕ್ಕೆ ಮೂರು ಬೆರಳು ದಪ್ಪ ಎಲೆ ಹಾಸುತ್ತೇನೆ. ದಿನಾ ನೀರು ಬೇಡುತ್ತಿದ್ದ ಪಾತಿಗೆ ಈಗ ಎರಡು ದಿನಕ್ಕೊಮ್ಮೆ ಸಾಕು. ಕಾಂಡಕ್ಕೆ ಮಾತ್ರ ತಾಗಿಸುವುದಿಲ್ಲ, ಬುಡ ಕೊಳೆಯುತ್ತದೆ.

ಹೋದ ಮಳೆಗಾಲ ಅಮ್ಮ ಬಂದಿದ್ದಳು. ಡ್ರಮ್ಮಿನಿಂದ ಒಂದು ಹಿಡಿ ತೆಗೆದು ಮೂಸಿ ನೋಡಿ, ‘ನಮ್ಮ ಗೊಬ್ಬರಗುಂಡಿದೇ ವಾಸನೆ’ ಅಂದಳು. ಈಗ ಹೊಂಗೆ ಮತ್ತೆ ಉದುರಲು ಶುರುವಾಗಿದೆ. ನಾಳೆ ಡ್ರಮ್ ಖಾಲಿ ಮಾಡಬೇಕು.