ಎತ್ತಿದ ಚೀಲ ತಲೆ ಮೇಲೆ ಬೀಳದಂತೆ ಫೋರ್ಕ್‌ಲಿಫ್ಟ್ ನಡೆಸುವುದು ಹೇಗೆ?

ಭತ್ತದ ಸುಗ್ಗಿ ಬಂತೆಂದರೆ ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್‌ಗಳಿಗೆ ಬಿಡುವಿಲ್ಲ. ಅಂಥ ಒಂದು ಗೋದಾಮಿನಲ್ಲಿ ನನ್ನ ಕಣ್ಣೆದುರೇ ಪ್ಯಾಲೆಟ್‌ನ (ಚೀಲ ಪೇರಿಸುವ ಮರದ ಹಲಗೆಯ ಮಣೆ) ಮೇಲಿನ ಸಾಲಿನಿಂದ ಚೀಲವೊಂದು ಜಾರಿತು. ಪಕ್ಕದಲ್ಲಿದ್ದ ಹಮಾಲಿ ಹಿಡಿಯಲು ಕೈ ಚಾಚಿದ. ಅದರ ಹಿಂದೆಯೇ ಇನ್ನೂ ಮೂರು ಬಂದವು. ಮುಂಗೈ ಮುರಿಯಿತು. 25 ಕೆ.ಜಿ. ಚೀಲ ಎತ್ತುವವನಿಗೆ ಹಗುರ, ಮೇಲಿಂದ ಬಿದ್ದಾಗ ಅಲ್ಲ.

ಮೊದಲು ಪ್ಯಾಲೆಟ್ ನೋಡಿ. ಹಲಗೆ ಸೀಳಿದ್ದರೆ ಪಕ್ಕಕ್ಕಿಡಿ. ಮೊಳೆ ಬಡಿದು ಇನ್ನೊಂದು ಟ್ರಿಪ್ ಹೊಡೆಯುವುದು ಬೇಡವೇ ಬೇಡ.

ಒಂದು ಸಾಲಿಗೆ ಐದು ಚೀಲ: ಮೂರು ಉದ್ದಕ್ಕೆ, ಎರಡು ಅಡ್ಡಕ್ಕೆ. ಮುಂದಿನ ಸಾಲಿನಲ್ಲಿ ತಿರುವುಮುರುವು. ಗೋಡೆಯ ಇಟ್ಟಿಗೆಯಂತೆ ಸಂದಿನ ಮೇಲೆ ಚೀಲ ಕೂರಬೇಕು. ಎಂಟು ಸಾಲಿಗೆ 40 ಚೀಲ, ಒಂದು ಟನ್. ಗೋಣಿಚೀಲ ಒಂದನ್ನೊಂದು ಕಚ್ಚಿ ಹಿಡಿಯುತ್ತದೆ; ಪ್ಲಾಸ್ಟಿಕ್ ಚೀಲ ಜಾರುತ್ತದೆ. ಅದಕ್ಕೆ ಸ್ಟ್ರೆಚ್ ಫಿಲ್ಮ್ (ಎಳೆದು ಬಿಗಿಯಾಗಿ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ) ಸುತ್ತಿ, ಕೆಳಗಿನ ಸುತ್ತು ಪ್ಯಾಲೆಟ್‌ನ ಮರಕ್ಕೂ ಬರಲಿ. ಎಳೆದರೆ ಹರಿಯುವ ಅಗ್ಗದ ಫಿಲ್ಮ್ ತರಬೇಡಿ, ಅದು ಕಟ್ಟಿದ ಹಾಗೆ ಕಾಣುತ್ತದೆ ಅಷ್ಟೇ.

ಫೋರ್ಕ್, ಅಂದರೆ ಗಾಡಿಯ ಮುಂದಿನ ಎರಡು ಕಬ್ಬಿಣದ ತೋಳು, ಪ್ಯಾಲೆಟ್‌ನೊಳಗೆ ಬುಡದವರೆಗೂ ಹೋಗಲಿ, ಚೀಲ ಹಿಂದಿನ ಜಾಲರಿಗೆ ಒರಗಲಿ. ಗಾಡಿಯ ಫಲಕದಲ್ಲಿರುವ ಟನ್ ಲೆಕ್ಕ, ಭಾರದ ನಡು ಫೋರ್ಕ್‌ನ ಬುಡದಿಂದ ಅಲ್ಲಿ ಬರೆದಷ್ಟೇ ದೂರದಲ್ಲಿದ್ದರೆ ಮಾತ್ರ ಸರಿ. ಸಾಮಾನ್ಯವಾಗಿ ಅದು 500 ಮಿ.ಮೀ. ಭಾರ ಮುಂದೆ ಸರಿದಷ್ಟೂ ಗಾಡಿಯ ತಾಕತ್ತು ಇಳಿಯುತ್ತದೆ.

ನೆಲದಿಂದ ಗೇಣು ಎತ್ತರ, ಮಾಸ್ಟ್ (ಫೋರ್ಕ್ ಏರಿಳಿಯುವ ಮುಂದಿನ ಕಂಬ) ಹಿಂದಕ್ಕೆ ವಾಲಿಸಿ ನಡೆಸಿ. ಇಳಿಜಾರಿನಲ್ಲಿ ಭಾರ ಏರಿನ ಕಡೆಗೇ ಇರಲಿ.

ಎಲ್ಲರೂ ಎಡವುವುದು ನಿಟ್ಟಿನ, ಅಂದರೆ ಒಂದರ ಮೇಲೊಂದು ಪೇರಿಸಿಟ್ಟ ಪ್ಯಾಲೆಟ್‌ಗಳ ಮುಂದೆ. ಅವಸರದಲ್ಲಿ ಗಾಡಿ ನಿಲ್ಲುವ ಮೊದಲೇ ಎತ್ತುತ್ತಾರೆ, ಎತ್ತುತ್ತಲೇ ಮಾಸ್ಟ್ ಮುಂದಕ್ಕೆ ಬಾಗಿಸುತ್ತಾರೆ. ಚೀಲ ಜಾರುವುದು ಆ ಗಳಿಗೆಯಲ್ಲೇ. ಗಾಡಿಯನ್ನು ನಿಟ್ಟಿಗೆ ನೇರವಾಗಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ನಿಧಾನಕ್ಕೆ ಎತ್ತಿ. ಕೆಳಗಿನ ಪ್ಯಾಲೆಟ್ ದಾಟಿದ ಮೇಲೆ ಬ್ರೇಕ್ ಬಿಟ್ಟು ಇರುವೆಯಂತೆ ಮುಂದೆ ಸರಿಯಿರಿ. ಭಾರ ಪೂರ್ತಿ ನಿಟ್ಟಿನ ಮೇಲೆ ಬಂದ ಮೇಲಷ್ಟೇ ಮಾಸ್ಟ್ ನೆಟ್ಟಗೆ ಮಾಡಿ ಇಳಿಸಿ. ಸರ್ರನೆ ಇಳಿಸಿ ಗಕ್ಕನೆ ನಿಲ್ಲಿಸಿದರೆ ಮೇಲಿನ ಸಾಲು ಅಲ್ಲೇ ಕದಲುತ್ತದೆ.

‘ನಾ ಹಿಡ್ಕಂಡಿರ್ತೀನಿ, ಎತ್ತಣ್ಣಾ’ ಎಂದು ಯಾರೇ ಬಂದರೂ ಎತ್ತಬೇಡಿ, ಅವರು ದೂರ ಸರಿಯುವವರೆಗೆ ಕಾಯಿರಿ. ಸನ್ನೆ ಮಾಡುವವರು ಡ್ರೈವರ್ ಕಣ್ಣಿಗೆ ಕಾಣುವಲ್ಲಿ, ಭಾರ ಬೀಳುವ ಜಾಗದಿಂದ ಆಚೆ ನಿಲ್ಲಬೇಕು.

ಚೀಲ ಜಾರಿತೆ? ಲಿವರ್ ಬಿಡಿ, ಹಾರ್ನ್ ಹಾಕಿ, ಸೀಟಿನಿಂದ ಇಳಿಯಬೇಡಿ. ತಲೆ ಮೇಲಿನ ಕಬ್ಬಿಣದ ಚಪ್ಪರ ಕಾಯುತ್ತದೆ. ಬಾಗಿಲು ಗಿಡ್ಡ ಎಂದು ಅದನ್ನು ಬಿಚ್ಚಿಸಿದ ಗಾಡಿಯನ್ನು ಓಡಿಸಲೇಬೇಡಿ. ಎಲ್ಲರೂ ಸರಿದ ಮೇಲೆ ಫೋರ್ಕನ್ನು ನೆಲಕ್ಕೆ ಇಳಿಸಿ, ಎಂಜಿನ್ ಆರಿಸಿ, 40 ಚೀಲವನ್ನೂ ಬಿಚ್ಚಿ ಮೊದಲಿನಿಂದ ಜೋಡಿಸಿ.