ಜರ್ಮನಿಗೆ ಓದಲು ಬರುವವರಿಗೆ: ಬೀಗದ ಕೈ, ಕುಕ್ಕರ್ ಗ್ಯಾಸ್ಕೆಟ್, ಕಳೆದುಹೋದ ಡಬ್ಬಿ

ಪ್ರತಿ ವರ್ಷ ಸೆಪ್ಟೆಂಬರ್ ಬಂತು ಅಂದರೆ ನನ್ನ ಫೋನಿಗೆ ಒಂದೇ ತರದ ಮೆಸೇಜ್‌ಗಳು. ಅಣ್ಣಾ, ಕುಕ್ಕರ್ ತರ್ಲಾ? ಮಿಕ್ಸಿ ಓಡುತ್ತಾ? ಚಾಪೆ ಬೇಕಾ? ತಂದ ಸಾಮಾನು ಕಳೆದರೆ, ಒಡೆದರೆ, ಕೆಟ್ಟರೆ ಏನು ಮಾಡಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಬರುವುದು ನವೆಂಬರ್‌ನಲ್ಲಿ, ರಾತ್ರಿ ಹನ್ನೊಂದಕ್ಕೆ, ಅದೂ ಫೋನ್ ಮಾಡಿದವರು ಸ್ವಂತ ರೂಮಿನ ಬಾಗಿಲ ಹೊರಗೆ ಚಪ್ಪಲಿಯಲ್ಲಿ ನಿಂತಿರುವಾಗ. ಅದಕ್ಕೇ ಇದನ್ನು ಮೊದಲೇ ಬರೆದಿಡುತ್ತಿದ್ದೇನೆ. ನಾನು 2013ರಲ್ಲಿ ಮಾಸ್ಟರ್ಸ್ ಮಾಡಲು ಡಾರ್ಮ್‌ಸ್ಟಾಟ್‌ಗೆ ಬಂದವನು, ಈಗ ಫ್ರಾಂಕ್‌ಫರ್ಟ್ ಹತ್ತಿರ ಇದ್ದೇನೆ. ಕೆಳಗಿನದ್ದರಲ್ಲಿ ಅರ್ಧ ನಾನೇ ಕಳೆದುಕೊಂಡು ಕಲಿತದ್ದು.

ಬೀಗದ ಕೈಯಿಂದ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ಹತ್ತಿರ ಇರುವ ಸಾಮಾನಿನಲ್ಲಿ ಕಳೆದರೆ ಜಾಸ್ತಿ ದುಡ್ಡು ಕೀಳುವುದು ಅದೇ. ಲ್ಯಾಪ್‌ಟಾಪ್‌ಗಿಂತ ಜಾಸ್ತಿ ಆಗಬಹುದು. ಇಲ್ಲಿನ ಹಾಸ್ಟೆಲ್, ಅಪಾರ್ಟ್‌ಮೆಂಟ್‌ಗಳಲ್ಲಿ ತುಂಬಾ ಕಡೆ ಒಂದೇ ಕೀ ಕೆಳಗಿನ ದೊಡ್ಡ ಬಾಗಿಲಿಗೂ ಆಗುತ್ತದೆ, ನಿಮ್ಮ ರೂಮಿಗೂ ಆಗುತ್ತದೆ, ಬಟ್ಟೆ ಒಗೆಯುವ ನೆಲಮಾಳಿಗೆಗೂ ಆಗುತ್ತದೆ. ಇಡೀ ಕಟ್ಟಡದ ಬೀಗಗಳು ಒಂದಕ್ಕೊಂದು ಸೇರಿಕೊಂಡ ವ್ಯವಸ್ಥೆ. ಅದಕ್ಕೆ ಶ್ಲೀಸ್‌ಆನ್‌ಲಾಗೆ ಅನ್ನುತ್ತಾರೆ. ನಿಮ್ಮ ಒಂದು ಕೀ ಹೋದರೆ, ಅದು ಯಾರ ಕೈಗಾದರೂ ಸಿಕ್ಕೀತು ಅಂತ ಮಾಲೀಕರು ಎಲ್ಲರ ಬೀಗ ಬದಲಿಸಿ ಬಿಲ್ಲನ್ನು ನಿಮ್ಮ ಹೆಸರಿಗೆ ಕಳಿಸಬಹುದು. ಆ ಬಿಲ್ಲು ಸಾವಿರಗಟ್ಟಲೆ ಯೂರೋ. ವೀಸಾಗೆ ಅಂತ ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟ ದುಡ್ಡಿನಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೋ ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ.

ಒಂದು ಸಮಾಧಾನ ಇದೆ. 2014ರ ಮಾರ್ಚ್‌ನಲ್ಲಿ ಕಾರ್ಲ್ಸ್‌ರೂಹೆಯ ಫೆಡರಲ್ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಮಾಲೀಕರು ಬೀಗಗಳನ್ನು ನಿಜವಾಗಿ ಬದಲಿಸಿದ್ದರೆ ಮಾತ್ರ ಬಾಡಿಗೆದಾರರಿಂದ ಆ ಖರ್ಚು ಕೇಳಬಹುದು, ಬದಲಿಸುತ್ತೇನೆ ಅಂತ ಸುಮ್ನೆ ಎಸ್ಟಿಮೇಟ್ ತೋರಿಸಿ ದುಡ್ಡು ಇಸಿದುಕೊಳ್ಳುವ ಹಾಗಿಲ್ಲ. ಆದ್ದರಿಂದ ಕಾಗದ ಬಂದ ತಕ್ಷಣ ಹೆದರಿ ದುಡ್ಡು ಕಳಿಸಬೇಡಿ, ಕೆಲಸ ಮಾಡಿಸಿದ ಬಿಲ್ಲು ಕೇಳಿ. ಹಾಗಂತ ಕೀ ಕಳೆದ ವಿಷಯ ಮುಚ್ಚಿಡಲೂ ಬೇಡಿ. ಅದೇ ದಿನ ಹೌಸ್‌ಮೈಸ್ಟರ್‌ಗೆ, ಅಂದರೆ ಕಟ್ಟಡ ನೋಡಿಕೊಳ್ಳುವವರಿಗೆ, ಈಮೇಲ್‌ನಲ್ಲಿ ತಿಳಿಸಿ.

ಇನ್ನು ಕೀ ಒಳಗೆ, ನೀವು ಹೊರಗೆ ಅನ್ನುವ ಕೇಸು. ಇಲ್ಲಿನ ಬಾಗಿಲುಗಳ ಹೊರಗಡೆ ತಿರುಗುವ ಹಿಡಿ ಇರುವುದಿಲ್ಲ, ತಿರುಗದ ಒಂದು ಗುಂಡು ಹಿಡಿ ಮಾತ್ರ. ಬಾಗಿಲು ತಾನಾಗಿ ಮುಚ್ಚಿಕೊಂಡರೆ ಮುಗೀತು. ನಾನು ಬಂದ ಎರಡನೇ ವಾರ, ಒಂದು ಭಾನುವಾರ, ಲುಂಗಿ ಉಟ್ಟುಕೊಂಡು ಕಸ ಹಾಕಲು ಕೆಳಗೆ ಹೋದೆ. ಗಾಳಿ ಬೀಸಿತು, ಮೇಲೆ ಎಲ್ಲೋ ಧಡ್ ಅಂತ ಕೇಳಿಸಿತು, ಅದು ನನ್ನದೇ ಬಾಗಿಲು ಅಂತ ಮೆಟ್ಟಿಲು ಹತ್ತುವಾಗಲೇ ಗೊತ್ತಾಯಿತು. ಪಕ್ಕದ ರೂಮಿನವನ ಫೋನಿನಲ್ಲಿ ಇಂಟರ್‌ನೆಟ್‌ನಲ್ಲಿ ಸಿಕ್ಕ ಮೊದಲ ನಂಬರಿಗೆ ಕರೆ ಮಾಡಿದೆವು. ಒಬ್ಬ ಬಂದ, ಬಾಗಿಲ ಸಂದಿಗೆ ಪ್ಲಾಸ್ಟಿಕ್ ಹಾಳೆಯಂಥದ್ದೇನೋ ತೂರಿಸಿ ಎರಡೇ ನಿಮಿಷದಲ್ಲಿ ತೆಗೆದ, 380 ಯೂರೋ ಅಂದ. ಭಾನುವಾರದ ರೇಟಂತೆ, ದೂರದಿಂದ ಬಂದಿದ್ದಂತೆ. ಕೊಟ್ಟೆ. ಆ ತಿಂಗಳು ಪೂರ್ತಿ ಮೊಸರನ್ನ.

ಈಗಾದರೆ ಹೀಗೆ ಮಾಡುತ್ತಿದ್ದೆ. ಮೊದಲು ಹೌಸ್‌ಮೈಸ್ಟರ್‌ಗೆ ಫೋನ್. ಅವರು ಸಿಗದಿದ್ದರೆ ಅದೇ ಊರಿನ, ವಿಳಾಸ ಇರುವ ಬೀಗದ ಅಂಗಡಿಯವರಿಗೆ. ಬಾಗಿಲು ಬರೀ ಮುಚ್ಚಿದೆ, ಲಾಕ್ ಆಗಿಲ್ಲ ಅಂತ ಹೇಳಿ, ಬರುವ ಖರ್ಚೂ ಸೇರಿ ಒಟ್ಟು ಎಷ್ಟು ಅಂತ ಫೋನಿನಲ್ಲೇ ಒಪ್ಪಿಸಿಕೊಳ್ಳಿ. ಬರೀ ಮುಚ್ಚಿದ ಬಾಗಿಲಿಗೆ ಡ್ರಿಲ್ ಹಾಕುತ್ತೇನೆ ಅಂದರೆ ಬೇಡ ಅನ್ನಿ. ಮಾತಾಡಿದ್ದಕ್ಕಿಂತ ಜಾಸ್ತಿ ಕೇಳಿ, ಈಗಲೇ ಕಾರ್ಡ್ ಉಜ್ಜು ಅಂತ ಹೆದರಿಸಿದರೆ 110ಕ್ಕೆ ಕರೆ ಮಾಡಿ, ಪೊಲೀಸರು ಬರುತ್ತಾರೆ. ಎಲ್ಲಕ್ಕಿಂತ ಸುಲಭದ ಉಪಾಯ, ಎರಡನೇ ಕೀ ಒಬ್ಬ ನಂಬಿಕಸ್ತ ಗೆಳೆಯನ ಮನೆಯಲ್ಲಿ ಇಟ್ಟುಬಿಡಿ. ಒಳಗಡೆಯಿಂದ ಕೀಯನ್ನು ಬೀಗದಲ್ಲೇ ಚುಚ್ಚಿ ಬಿಡಬೇಡಿ, ಹಾಗೆ ಬಿಟ್ಟರೆ ತುಂಬಾ ಬೀಗಗಳಲ್ಲಿ ಹೊರಗಿನಿಂದ ಇನ್ನೊಂದು ಕೀ ಹೋಗುವುದೇ ಇಲ್ಲ.

ಇದರ ಜೊತೆಗೆ ಹಾಫ್ಟ್‌ಫ್ಲಿಖ್ಟ್ ಅನ್ನುವ ಇನ್ಶೂರೆನ್ಸ್ ಮಾಡಿಸಿ. ವರ್ಷಕ್ಕೆ 50 ಯೂರೋ ಆಸುಪಾಸು. ಬೇರೆಯವರ ಸಾಮಾನಿಗೆ ನೀವು ಮಾಡಿದ ನಷ್ಟವನ್ನು ಅದು ಕಟ್ಟಿಕೊಡುತ್ತದೆ. ಬಾಡಿಗೆ ಮನೆಯ ಕೀ ಕಳೆದ ಖರ್ಚೂ ಸೇರಿದೆಯಾ ಅಂತ ಮಾತ್ರ ಪಾಲಿಸಿಯಲ್ಲಿ ಹುಡುಕಿ ನೋಡಿ, ಎಲ್ಲದರಲ್ಲೂ ಇರುವುದಿಲ್ಲ. ನಿಮ್ಮದೇ ಸಾಮಾನು ಕಳುವಾದರೆ ಇದು ಒಂದು ಪೈಸೆ ಕೊಡುವುದಿಲ್ಲ, ಅದಕ್ಕೆ ಹೌಸ್‌ರಾಟ್ ಅನ್ನುವ ಬೇರೆ ಇನ್ಶೂರೆನ್ಸ್ ಇದೆ. ಅದು ವಿದ್ಯಾರ್ಥಿಗೆ ಅಷ್ಟೇನೂ ಬೇಕಿಲ್ಲ ಅಂತ ನನ್ನ ಅಭಿಪ್ರಾಯ. ರೂಮಿನಲ್ಲಿ ಇರುವುದಾದರೂ ಏನು, ಒಂದು ಲ್ಯಾಪ್‌ಟಾಪ್, ನಾಲ್ಕು ಪಾತ್ರೆ.

ಪಾತ್ರೆ ಅಂದಾಗ ನೆನಪಾಯಿತು. ನನ್ನ ಹತ್ತಿರ ಅಜ್ಜಿಯ ಕಾಲದ ಒಂದು ಸ್ಟೀಲ್ ಊಟದ ಡಬ್ಬಿ ಇತ್ತು, ಈಗಲೂ ಇದೆ. ಮುಚ್ಚಳದ ಮೇಲೆ ಪಾತ್ರೆ ಅಂಗಡಿಯವರು ಚುಕ್ಕಿ ಚುಕ್ಕಿಯಾಗಿ ಹೊಡೆದ ಅಜ್ಜಿಯ ಇನಿಷಿಯಲ್, ‘ಕೆ.ಎಸ್.’ ಅಂತ ಕನ್ನಡದಲ್ಲಿ. ಒಂದು ದಿನ ಟ್ರಾಮಿನಲ್ಲಿ ಮರೆತುಬಿಟ್ಟೆ, ಒಳಗೆ ಅರ್ಧ ಚಿತ್ರಾನ್ನ ಇತ್ತು. ಹೋಯಿತು ಅಂದುಕೊಂಡೆ. ರೂಮ್‌ಮೇಟ್ ಬಲವಂತ ಮಾಡಿದ್ದಕ್ಕೆ ನಾಲ್ಕನೇ ದಿನ ಕಳೆದ ವಸ್ತುಗಳ ಕೌಂಟರಿಗೆ ಹೋದೆ. ಅಲ್ಲಿದ್ದ ಹೆಂಗಸು ಡಬ್ಬಿ ಹೇಗಿದೆ ಹೇಳಿ ಅಂದರು. ಬೆಳ್ಳಿ ಬಣ್ಣ, ದುಂಡಗೆ ಅಂದೆ. ಅವರ ಮುಖ ನೋಡಿದರೆ ಅಷ್ಟು ಸಾಲದು ಅನ್ನಿಸಿತು. ಪೆನ್ನು ಇಸಿದುಕೊಂಡು ಕಾಗದದ ಮೇಲೆ ಕೆ ಬರೆದೆ, ಎಸ್ ಬರೆದೆ, ಚುಕ್ಕಿಗಳನ್ನೂ ಇಟ್ಟೆ. ಅವರು ಒಳಗೆ ಹೋಗಿ ಡಬ್ಬಿ ತಂದು, ಮುಚ್ಚಳವನ್ನು ನನ್ನ ಕಾಗದದ ಪಕ್ಕದಲ್ಲಿಟ್ಟು, ಅಕ್ಷರದ ಗೆರೆ ಎಲ್ಲಿ ತಿರುಗುತ್ತದೆ ಅಂತ ಬೆರಳಿನಲ್ಲಿ ಹಿಡಿದು ತಾಳೆ ನೋಡಿದರು. ಆಮೇಲೆ ಒಂದು ಸಹಿ, ಸಣ್ಣ ಫೀಸು. ಚಿತ್ರಾನ್ನ ಚೆಲ್ಲಿ ಡಬ್ಬಿ ತೊಳೆದಿದ್ದರು ಪುಣ್ಯಾತ್ಮರು.

ಅದಕ್ಕೇ ಹೇಳುವುದು, ಊರು ಬಿಡುವ ಮೊದಲು ಪಾತ್ರೆ ಅಂಗಡಿಗೆ ಹೋಗಿ ಎಲ್ಲದಕ್ಕೂ ಹೆಸರು ಹೊಡೆಸಿಕೊಂಡು ಬನ್ನಿ, ಕನ್ನಡದಲ್ಲೇ. ಆರು ಜನ ಒಂದೇ ಅಡುಗೆಮನೆ ಹಂಚಿಕೊಳ್ಳುವ ವೇಗೇಯಲ್ಲಿ, ಅಂದರೆ ಹಲವರು ಸೇರಿ ಇರುವ ಬಾಡಿಗೆ ಮನೆಯಲ್ಲಿ, ನಿಮ್ಮ ಲೋಟ ನಿಮ್ಮದೇ ಅಂತ ಹೇಳಲೂ ಇದು ಬೇಕು. ಅಲ್ಲಿ ಯಾರೂ ಕದಿಯುವುದಿಲ್ಲ, ಎಲ್ಲರೂ ತೆಗೆದುಕೊಂಡು ಹೋಗುತ್ತಾರೆ ಅಷ್ಟೆ. ನನ್ನ ಒಗ್ಗರಣೆ ಸೌಟು ಸಿಕ್ಕಿದ್ದು ಪಕ್ಕದ ಹುಡುಗನ ರೂಮಿನಲ್ಲಿ, ಕ್ಯಾಂಡಲ್ ಇಡಲು ಬಳಸಿದ್ದ.

ಕಳೆದ ವಸ್ತುಗಳ ಆಫೀಸಿಗೆ ಫುಂಡ್‌ಬ್ಯೂರೋ ಅನ್ನುತ್ತಾರೆ. ಊರಿನ ಆಡಳಿತದ್ದು ಒಂದು, ಬಸ್ಸು-ಟ್ರಾಮಿನವರದ್ದು ಬೇರೆ, ರೈಲಿನವರದ್ದು ಇನ್ನೂ ಬೇರೆ, ಹಾಗಾಗಿ ಎಲ್ಲಿ ಬಿಟ್ಟಿರಿ ಅಂತ ಮೊದಲು ಯೋಚಿಸಿ. ಡಾಯ್ಚ ಬಾನ್ ರೈಲಿನಲ್ಲಿ ಬಿಟ್ಟದ್ದನ್ನು ಆನ್‌ಲೈನ್‌ನಲ್ಲೇ ಬರೆಸಬಹುದು, ಕೂಡಲೇ ಯಾರದ್ದು ಅಂತ ಗೊತ್ತಾಗದ ಸಾಮಾನು ವುಪ್ಪರ್ಟಾಲ್‌ನ ದೊಡ್ಡ ಆಫೀಸಿಗೆ ಹೋಗಿ ಸೇರುತ್ತದೆ. ಬೀದಿಯಲ್ಲಿ 10 ಯೂರೋಗಿಂತ ಬೆಲೆ ಬಾಳುವುದು ಸಿಕ್ಕರೆ ತಿಳಿಸಲೇಬೇಕು ಅಂತ ಇಲ್ಲಿ ಕಾನೂನೇ ಇದೆ. ತಿಳಿಸಿ ಆರು ತಿಂಗಳಾದರೂ ಯಾರೂ ಕೇಳದಿದ್ದರೆ ಅದು ಸಿಕ್ಕವರದ್ದು. ತಂದುಕೊಟ್ಟವರಿಗೆ ಇನಾಮೂ ಕಾನೂನಿನಲ್ಲೇ ಬರೆದಿದೆ, 500 ಯೂರೋವರೆಗೆ ನೂರಕ್ಕೆ 5, ಅದರ ಮೇಲಿನದ್ದಕ್ಕೆ ನೂರಕ್ಕೆ 3. ಹಾಗಾಗಿ ಯಾರಾದರೂ ನಿಮ್ಮ ಪರ್ಸ್ ತಂದುಕೊಟ್ಟು ಇನಾಮು ಕೇಳಿದರೆ ಮುಖ ಸಿಂಡರಿಸಬೇಡಿ. ಪರ್ಸ್ ಸಿಗುವ ಮೊದಲು 116 116ಕ್ಕೆ ಕರೆ ಮಾಡಿ ಬ್ಯಾಂಕ್ ಕಾರ್ಡ್ ಬ್ಲಾಕ್ ಮಾಡಿಸಿ. ಪಾಸ್‌ಪೋರ್ಟ್ ಹೋದರೆ ಮೊದಲು ಪೊಲೀಸ್ ಕಂಪ್ಲೇಂಟು, ಆ ಕಾಗದ ಹಿಡಿದು ನಮ್ಮ ಕಾನ್ಸುಲೇಟು.

ಬರುವಾಗಲೇ ವಿಮಾನದಲ್ಲಿ ಪೆಟ್ಟಿಗೆ ಹಿಂದೆ ಉಳಿಯುವುದೂ ಉಂಟು. ನನ್ನದು ಮೂರು ದಿನ ತಡವಾಗಿ ಬಂತು. ವಿಮಾನ ನಿಲ್ದಾಣ ಬಿಡುವ ಮೊದಲೇ ಅಲ್ಲಿನ ಲಗೇಜ್ ಕೌಂಟರಿನಲ್ಲಿ ಪಿಐಆರ್ ಅನ್ನುವ ಫಾರ್ಮ್ ಬರೆಸಿ, ಅದು ಇಲ್ಲದೆ ಆಮೇಲೆ ಒದ್ದಾಟ. ಅಷ್ಟರಲ್ಲಿ ಕೊಂಡ ಬ್ರಶ್, ಬಟ್ಟೆ, ಹೊದಿಕೆಯ ಬಿಲ್ಲು ಇಟ್ಟುಕೊಂಡು ಆ ದುಡ್ಡನ್ನು ವಿಮಾನ ಕಂಪನಿಯಿಂದ ಕೇಳಿ. 21 ದಿನ ಕಳೆದರೂ ಬರದಿದ್ದರೆ ಕಳೆದೇಹೋಯಿತು ಅಂತ ಲೆಕ್ಕ.

ಈಗ ಎಲ್ಲರ ಪ್ರಶ್ನೆ, ಕುಕ್ಕರ್. ತನ್ನಿ, ಆದರೆ ತಳ ನೋಡಿ ತನ್ನಿ. ಫ್ರಿಜ್ ಮೇಲಿನ ಮ್ಯಾಗ್ನೆಟ್ ತೆಗೆದು ಕುಕ್ಕರ್ ತಳಕ್ಕೆ ಹಿಡಿಯಿರಿ. ಅಂಟಿದರೆ ಇಂಡಕ್ಷನ್ ಒಲೆಗೂ ಆಗುತ್ತದೆ. ಅಂಟದ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಬಿಸಿಯೇ ಆಗುವುದಿಲ್ಲ, ಗಾಜಿನ ಮೇಲ್ಮೈಯ ಮಾಮೂಲಿ ಕರೆಂಟ್ ಒಲೆಯ ಮೇಲೆ ಆಗುತ್ತದೆ. ನಿಮ್ಮ ರೂಮಿನಲ್ಲಿ ಯಾವುದಿದೆ ಅಂತ ಬರುವ ಮೊದಲು ಗೊತ್ತಾಗುವುದು ಕಷ್ಟ, ಅದಕ್ಕೆ ಮ್ಯಾಗ್ನೆಟ್ ಅಂಟುವುದನ್ನೇ ತಂದರೆ ತಲೆನೋವಿಲ್ಲ. ದುಂಡು ತಳದ ಬಾಣಲೆ ಎರಡರಲ್ಲೂ ಕೂರುವುದಿಲ್ಲ.

ಕುಕ್ಕರ್ ಕೆಡುವುದಿಲ್ಲ, ಗ್ಯಾಸ್ಕೆಟ್ ಕೆಡುತ್ತದೆ. ಎರಡನೇ ವರ್ಷ ಅದು ಸಡಿಲವಾಗಿ ಮುಚ್ಚಳದ ಸುತ್ತ ಬುಸ್ ಅನ್ನಲು ಶುರು ಮಾಡುತ್ತದೆ, ವಿಜಿಲ್ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ನಿಮ್ಮ ಸೈಜಿನ ಗ್ಯಾಸ್ಕೆಟ್ ಇಲ್ಲಿ ಹುಡುಕಿ ಹುಡುಕಿ ಸಾಕಾಗುತ್ತದೆ. ಕೊನೆಗೆ ಒಂದು ರಬ್ಬರ್ ಬಳೆಗೋಸ್ಕರ ಹೊಸ ಕುಕ್ಕರ್ ಕೊಂಡವರನ್ನು ನೋಡಿದ್ದೇನೆ. ಎರಡು ಗ್ಯಾಸ್ಕೆಟ್, ಎರಡು ಸೇಫ್ಟಿ ವಾಲ್ವ್, ಒಂದು ವೆಯ್ಟ್, ಎಲ್ಲ ಸೇರಿ ಒಂದು ಜೊತೆ ಸಾಕ್ಸಿನಷ್ಟು ಜಾಗ. ಮಿಕ್ಸಿದೂ ಇದೇ ಕಥೆ. ಇಲ್ಲೂ 230 ವೋಲ್ಟ್, 50 ಹರ್ಟ್ಸ್, ನಮ್ಮ ಮಿಕ್ಸಿ ಆರಾಮಾಗಿ ಓಡುತ್ತದೆ. (ಅಮೆರಿಕಕ್ಕೆ ಹೋಗುವ ಗೆಳೆಯರು ಇದನ್ನು ನಂಬಿ ಒಯ್ಯಬೇಡಿ, ಅಲ್ಲಿ 120 ವೋಲ್ಟ್.) ಮೂರು ಪಿನ್ನಿನ ಪ್ಲಗ್ ಮಾತ್ರ ಹೋಗುವುದಿಲ್ಲ, ಒಳ್ಳೆ ಅಡಾಪ್ಟರ್ ಬೇಕು. ಹಾಳಾಗುವುದು ಜಾರ್ ಕೆಳಗಿನ ಕಪ್ಲರ್, ಅದನ್ನೂ ಎರಡು ತನ್ನಿ. ರಾತ್ರಿ ಹತ್ತರ ಮೇಲೆ ಮತ್ತು ಭಾನುವಾರ ದೋಸೆಗೆ ರುಬ್ಬಬೇಡಿ, ಪಕ್ಕದವರು ಬಂದು ಬಾಗಿಲು ಬಡಿಯುತ್ತಾರೆ.

ತುರಿಮಣೆ ತರಬೇಡಿ, ತುರಿದ ತೆಂಗಿನಕಾಯಿ ಏಷ್ಯನ್ ಅಂಗಡಿಯ ಫ್ರೀಜರ್‌ನಲ್ಲಿ ಸಿಗುತ್ತದೆ. ತಟ್ಟೆ, ಲೋಟ, ದಿಂಬು, ಬಕೆಟ್ ಏನೂ ಬೇಡ.

ಅವೆಲ್ಲ ಇಲ್ಲಿ ಹಳೆಯದೇ ಸಿಗುತ್ತವೆ. ಮನೆ ಮುಂದೆ ರಟ್ಟಿನ ಪೆಟ್ಟಿಗೆಯ ಮೇಲೆ ‘ತ್ಸು ಫೆರ್‌ಶೆಂಕನ್’ ಅಂತ ಬರೆದಿದ್ದರೆ ಪುಕ್ಕಟೆ ಅಂತ ಅರ್ಥ, ನಾಚಿಕೆ ಬಿಟ್ಟು ತಗೊಳ್ಳಿ. ನನ್ನ ಮೊದಲ ಟೇಬಲ್ ಲ್ಯಾಂಪ್, ನಾಲ್ಕು ತಟ್ಟೆ, ಒಂದು ಕುರ್ಚಿ ಹಾಗೇ ಬಂದವು. ಬೀದಿಗಿಟ್ಟ ಹಾಸಿಗೆ, ಸೋಫಾ ಮಾತ್ರ ಮುಟ್ಟಬೇಡಿ, ತಿಗಣೆ ಬಂದರೆ ಇಡೀ ಹಾಸ್ಟೆಲ್ ನಿಮ್ಮನ್ನು ಬೈಯುತ್ತದೆ. ಹಳೆ ಸಾಮಾನು ಮಾರುವ ಕ್ಲೈನ್‌ಆನ್‌ತ್ಸೈಗನ್ ಆಪ್‌ನಲ್ಲಿ ಬೆಲೆಯ ಪಕ್ಕ ‘ಫಾವ್ ಬೇ’ ಅನ್ನುವ ಎರಡು ಅಕ್ಷರ ಇದ್ದರೆ ಚೌಕಾಸಿ ಮಾಡಬಹುದು. ಹೋಗಿ, ನೋಡಿ, ಆನ್ ಮಾಡಿಸಿ, ಕ್ಯಾಶ್ ಕೊಟ್ಟು ತನ್ನಿ. ವಾಟ್ಸಾಪಿಗೆ ಬನ್ನಿ, ಈ ಲಿಂಕಿನಲ್ಲಿ ಕಾರ್ಡ್ ನಂಬರ್ ಹಾಕಿ ಅಂದರೆ ಅದು ಮೋಸ, ಅಲ್ಲೇ ಬಿಟ್ಟುಬಿಡಿ. ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತವೆ, ದೊಡ್ಡ ರೈಲ್ವೆ ಸ್ಟೇಷನ್ ಒಳಗಿನವು ಬಿಟ್ಟರೆ, ಹಾಗಾಗಿ ಶನಿವಾರ ರಾತ್ರಿ ಬಲ್ಬ್ ಹೋದರೆ ಸೋಮವಾರದವರೆಗೆ ಕತ್ತಲು.

ಸೈಕಲ್ ಬಗ್ಗೆ ಚಿಕ್ಕದಾಗಿ. ಹಳೆಯದು ಕೊಳ್ಳಿ, ಒಳ್ಳೆ ಬೀಗ ಕೊಳ್ಳಿ, ಫ್ರೇಮ್ ನಂಬರ್ ಫೋಟೋ ತೆಗೆದಿಡಿ. ಆ ನಂಬರ್ ಇಲ್ಲದೆ ಪೊಲೀಸರಿಗೆ ‘ಕಪ್ಪು ಸೈಕಲ್’ ಅಂತ ಹೇಳಿ ಏನೂ ಪ್ರಯೋಜನ ಇಲ್ಲ.

ಕೆಟ್ಟ ಮಿಕ್ಸಿ, ಸುಟ್ಟ ಚಾರ್ಜರ್ ಕಸದ ಡಬ್ಬಿಗೆ ಹಾಕುವ ಹಾಗಿಲ್ಲ. 25 ಸೆಂಟಿಮೀಟರಿಗಿಂತ ಉದ್ದ ಇಲ್ಲದ ಸಾಮಾನನ್ನು ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಯವರು ಸುಮ್ನೆ ಇಸಿದುಕೊಳ್ಳಬೇಕು, ಹೊಸದು ಕೊಳ್ಳಲೇಬೇಕು ಅಂತಿಲ್ಲ.

ಮನೆಯಿಂದ ಗ್ಯಾಸ್ಕೆಟ್ ಪೋಸ್ಟಿನಲ್ಲಿ ತರಿಸುವುದಾದರೆ ಒಂದು ಮಾತು. 45 ಯೂರೋ ಒಳಗಿನ ಉಡುಗೊರೆಗೆ ಕಸ್ಟಮ್ಸ್ ಸುಂಕ ಇಲ್ಲ, ಪೆಟ್ಟಿಗೆಯ ಮೇಲೆ ಒಳಗೇನಿದೆ, ಬೆಲೆ ಎಷ್ಟು ಅಂತ ಸರಿಯಾಗಿ ಬರೆಯಲು ಹೇಳಿ. ತುಪ್ಪ ಹಾಕಬೇಡಿ ಅಂತ ಅಮ್ಮನಿಗೆ ಎರಡು ಸಲ ಹೇಳಿ, ಹಾಲಿನ ಪದಾರ್ಥ ಹೊರದೇಶದಿಂದ ಪೋಸ್ಟಿನಲ್ಲಿ ಬರುವ ಹಾಗಿಲ್ಲ. ನಮ್ಮಮ್ಮ ಎರಡು ಸಲ ಹೇಳಿದರೂ ಹಾಕಿದರು. ಪೆಟ್ಟಿಗೆ ಬಂತು, ಗ್ಯಾಸ್ಕೆಟ್ ಬಂತು, ಸಾರಿನ ಪುಡಿ ಬಂತು, ತುಪ್ಪದ ಬಾಟಲಿ ಇದ್ದ ಜಾಗದಲ್ಲಿ ಕಸ್ಟಮ್ಸ್‌ನವರ ಒಂದು ಚೀಟಿ ಇತ್ತು.